ಜಿಪಿಯುಗೂ ಒಬ್ಬ ನೀರುಗಂಟಿ ಬೇಕು

1/10
ಹೋದ ಸೆಮಿಸ್ಟರ್‌ನಲ್ಲಿ ನನಗೂ ನನ್ನ ರೂಮ್‌ಮೇಟ್‌ಗೂ ಹದಿನೈದು ದಿನ ಮಾತಿರಲಿಲ್ಲ. ಕ್ಲಾಸಲ್ಲಿ ಸುಮಾರು ಜನ ಗಮನಿಸಿದ್ರಿ, ಯಾರೂ ಕಾರಣ ಕೇಳಲಿಲ್ಲ. ಬಾಡಿಗೆ ವಿಷಯ ಅಲ್ಲ, ಪಾತ್ರೆ ತೊಳೆಯೋ ಸರದಿಯೂ ಅಲ್ಲ. ಗ್ರಾಫಿಕ್ಸ್ ಕಾರ್ಡ್!

ಇಬ್ಬರೂ ಅರ್ಧರ್ಧ ದುಡ್ಡು ಹಾಕಿ ಒಂದು ಡೆಸ್ಕ್‌ಟಾಪ್ ಜೋಡಿಸಿದ್ವಿ. ಕಾರ್ಡು ಸೆಕೆಂಡ್ ಹ್ಯಾಂಡ್. ಅವತ್ತು ಅವನ ಪ್ರಾಜೆಕ್ಟ್ ಡೆಮೊ, ಆನ್‌ಲೈನ್‌ನಲ್ಲಿ. ಅವನ ಊರಿನ ಹಳೇ ಗುಡಿಯನ್ನ ನೂರಾರು ಫೋಟೊ ತೆಗೆದು, ಬ್ರೌಸರ್‌ನಲ್ಲೇ ತಿರುಗಿಸಿ ನೋಡೋ ಹಾಗೆ ತ್ರೀಡಿ ಮಾಡೆಲ್ ಮಾಡಿದ್ದ. ಅದೇ ಮಶೀನ್‌ನಲ್ಲಿ ನನ್ನ ಮಾಡೆಲ್ ಟ್ರೈನಿಂಗ್ ಹಿಂದಿನ ರಾತ್ರಿಯಿಂದ ಓಡ್ತಾ ಇತ್ತು. ಇನ್ನೂ ಮೂರು ಗಂಟೆ ಬಾಕಿ. "ನಿಲ್ಲಿಸ್ಲೇನೋ?" ಅಂದೆ. "ಬೇಡ ಬಿಡೋ, ನಂದು ಬರೀ ಬ್ರೌಸರ್ ತಾನೆ" ಅಂದ.

ಸ್ಲೈಡ್‌ಗಳೆಲ್ಲ ಸರಿಯಾಗೇ ಹೋದವು. ಮಾಡೆಲ್ ತೆರೆದ ತಕ್ಷಣ ಕರ್ಸರ್ ತಡವರಿಸೋಕೆ ಶುರುವಾಯ್ತು. ಆಮೇಲೆ ಗುಡಿ ಇರಬೇಕಾದ ಜಾಗ ಪೂರ್ತಿ ಕಪ್ಪು. ರೀಲೋಡ್ ಮಾಡಿದ, ಮತ್ತೆ ಕಪ್ಪು. ಆ ಕಡೆ ಕೂತಿದ್ದವರು ಎರಡು ನಿಮಿಷ ಕಾದು, "ಮುಂದಿನ ಸಲ ಒಳ್ಳೆ ಸಿಸ್ಟಮ್ ಇಟ್ಕೊಂಡು ಬನ್ನಿ" ಅಂದು ಮುಂದಿನವರನ್ನ ಕರೆದ್ರು. ನಾಲ್ಕು ತಿಂಗಳ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ.

ಅವನು ನನ್ನನ್ನ ಬೈದ. ನಾನು ಕಾರ್ಡನ್ನ ಬೈದೆ. ಇಬ್ಬರದ್ದೂ ತಪ್ಪು ಗುರಿ ಅಂತ ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು. ನಾವು ಬೈಬೇಕಾಗಿದ್ದು ಬೇರೆಯವರನ್ನ. ಯಾರನ್ನ, ಯಾಕೆ ಅಂತ ಹೇಳೋಕೇ ಈ ಹತ್ತು ಪೋಸ್ಟ್.

2/10
ಮೊದಲು ನನ್ನ ಪರವಾಗಿ ಒಂದು ಮಾತು. ನಾನು ಬೇಜವಾಬ್ದಾರಿಯಿಂದ ಟ್ರೈನಿಂಗ್ ಬಿಟ್ಟಿರಲಿಲ್ಲ. ಲಿನಕ್ಸ್‌ನಲ್ಲಿ "ನೈಸ್" ಅಂತ ಒಂದು ಕಮಾಂಡ್ ಇದೆ, ಲ್ಯಾಬಲ್ಲಿ ಎಲ್ಲರೂ ಮಾಡಿದ್ದೀವಿ. ಮೈನಸ್ 20ರಿಂದ 19ರವರೆಗೆ ಒಂದು ಸಂಖ್ಯೆ ಕೊಡಬಹುದು. 19 ಅಂದ್ರೆ "ಉಳಿದವರೆಲ್ಲ ಮೊದಲು ಹೋಗ್ಲಿ, ನಾನು ಕೊನೆಗೆ ನಿಲ್ತೀನಿ" ಅಂತ. ನನ್ನ ಟ್ರೈನಿಂಗ್‌ಗೆ ನಾನು 19 ಕೊಟ್ಟಿದ್ದೆ. ಅದಕ್ಕಿಂತ ಜಾಸ್ತಿ ಸೌಜನ್ಯ ತೋರಿಸೋಕೆ ಆ ಕಮಾಂಡ್‌ನಲ್ಲಿ ಅವಕಾಶವೇ ಇಲ್ಲ.

ಆದ್ರೆ ಆ ಸೌಜನ್ಯ ಸಿಪಿಯುಗೆ ಮಾತ್ರ. ಜಿಪಿಯು ಆ ಸಂಖ್ಯೆಯನ್ನ ನೋಡೋದೇ ಇಲ್ಲ. ನಿಯಮ ಪಾಲಿಸಿದ್ದೀನಿ ಅಂತ ನಾನು ನಿಶ್ಚಿಂತೆಯಾಗಿದ್ದೆ, ಅಲ್ಲಿ ನಿಯಮವೇ ಇರಲಿಲ್ಲ.

ಕೋಲಾರ, ತುಮಕೂರು ಕಡೆಯವರಿಗೆ ನೀರುಗಂಟಿ ಅಂದ್ರೆ ಗೊತ್ತಿರುತ್ತೆ. ಗೊತ್ತಿಲ್ಲದವರು ಮನೇಲಿ ಹಿರಿಯರನ್ನ ಕೇಳಿ. ಕೆರೆ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡಿ ಹರಿಸೋನು. ಅವನಿಲ್ಲದಿದ್ರೆ ಏನಾಗುತ್ತೆ? ತೂಬಿನ ಪಕ್ಕದ ಗದ್ದೆಯವನು ಮಡೆ ಒಡ್ಕೊಂಡು ಕೂರ್ತಾನೆ, ಕಾಲುವೆ ಕೊನೆಯವನ ಪೈರು ಒಣಗುತ್ತೆ. ಮೇಲಿನವನು ಕೆಟ್ಟವನು ಅಂತೇನಿಲ್ಲ. ಅವನಿಗೂ ಪೈರಿದೆ, ಅವನಿಗೂ ಭಯ ಇದೆ. ಹಂಚೋರು ಇಲ್ಲ ಅಷ್ಟೇ.

ನಿಮ್ಮ ಕಂಪ್ಯೂಟರ್‌ನ ಸಿಪಿಯುಗೆ ಅಂಥ ನೀರುಗಂಟಿ ಇದ್ದಾನೆ. ಆಪರೇಟಿಂಗ್ ಸಿಸ್ಟಮ್ ಕ್ಲಾಸಲ್ಲಿ ಅವನ ಬಗ್ಗೆ ಒಂದು ಪೂರ್ತಿ ಯೂನಿಟ್ ಓದಿದ್ದೀವಿ: ಶೆಡ್ಯೂಲರ್. ಜಿಪಿಯು ಬಗ್ಗೆ ಅದೇ ಸಿಲಬಸ್‌ನಲ್ಲಿ ಎಷ್ಟು ಪುಟ ಓದಿದ್ವಿ, ನೆನಪು ಮಾಡ್ಕೊಳ್ಳಿ.

3/10
ಸ್ವಲ್ಪ ಒಳಗೆ ಹೋಗೋಣ. ಜಿಪಿಯು ಬೇಕಾದ ಪ್ರತಿ ಪ್ರೋಗ್ರಾಮ್ ಏನು ಮಾಡುತ್ತೆ ಅಂದ್ರೆ, ಮಾಡಬೇಕಾದ ಕೆಲಸಗಳ ಒಂದು ಕಟ್ಟು ಕಟ್ಟಿ ಡ್ರೈವರ್ ಕೈಗೆ ಕೊಡುತ್ತೆ. ಬ್ರೌಸರ್ ಒಂದು ಕಟ್ಟು, ಗೇಮ್ ಒಂದು ಕಟ್ಟು, ಬ್ಲೆಂಡರ್ ಒಂದು ಕಟ್ಟು. ನಿಮ್ಮ ಕಿಟಕಿಗಳನ್ನೆಲ್ಲ ಸೇರಿಸಿ ಸ್ಕ್ರೀನ್ ಮೇಲೆ ತೋರಿಸೋ ಕಾಂಪೋಸಿಟರ್ ಕೂಡ ಅದೇ ಸಾಲಿನಲ್ಲಿ ನಿಂತು ತನ್ನ ಪುಟ್ಟ ಕಟ್ಟು ಕೊಡುತ್ತೆ. ಸ್ಕ್ರೀನೇ ಕಾಣದಿದ್ರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ, ನೆನಪಿರಲಿ.

ಈಗ ಹಂಚೋದು ಹೇಗೆ? ಲಿನಕ್ಸ್‌ನಲ್ಲಿ ಹಲವು ಡ್ರೈವರ್‌ಗಳು ಬಳಸೋ ಡಿಆರ್‌ಎಂ ಶೆಡ್ಯೂಲರ್ ವರ್ಷಗಟ್ಟಲೆ ನಡೆಸಿದ್ದು ಎರಡೇ ಪದ್ಧತಿ. ಒಂದು, ಸರದಿ ಪ್ರಕಾರ ಒಬ್ಬೊಬ್ಬರಿಂದ ಒಂದೊಂದು ಕಟ್ಟು. ಇನ್ನೊಂದು, ಮೊದಲು ಬಂದವರಿಗೆ ಮೊದಲು. ಕೇಳೋಕೆ ಎರಡೂ ನ್ಯಾಯವಾಗೇ ಇವೆ, ಅಲ್ವಾ?

ಲೆಕ್ಕ ಹಾಕಿ ನೋಡಿ. ಒಂದು ಪ್ರೋಗ್ರಾಮ್‌ನ ಕಟ್ಟು 10 ಮಿಲಿಸೆಕೆಂಡ್‌ನದು, ಇನ್ನೊಂದರದ್ದು 1 ಮಿಲಿಸೆಕೆಂಡ್‌ನದು. ಸರದಿ ಪ್ರಕಾರ ಒಂದೊಂದು ಕೊಟ್ರೆ ಪ್ರತಿ ಸುತ್ತಿಗೆ 11 ಮಿಲಿಸೆಕೆಂಡ್. ಅದರಲ್ಲಿ ಮೊದಲನೆಯವನಿಗೆ 10, ಅಂದ್ರೆ ಸುಮಾರು 91%. ಎರಡನೆಯವನಿಗೆ 9%. ಇಬ್ಬರಿಗೂ "ಸಮ" ಸರದಿ ಸಿಕ್ಕಿದೆ, ಆದ್ರೆ ಒಬ್ಬನಿಗೆ ಹತ್ತು ಪಟ್ಟು ಜಿಪಿಯು ಸಿಕ್ಕಿದೆ. ಕಟ್ಟು ದೊಡ್ಡದು ಮಾಡಿದಷ್ಟೂ ಲಾಭ. ಚಿಕ್ಕ ಚಿಕ್ಕ ಕೆಲಸ ಮಾಡಿ ಬೇರೆಯವರಿಗೆ ಜಾಗ ಬಿಡೋ ಪ್ರೋಗ್ರಾಮ್‌ಗೆ ನಷ್ಟ. ಮೊದಲು ಬಂದವರಿಗೆ ಮೊದಲು ಅಂದ್ರೂ ಅಷ್ಟೇ: ಒಂದೇ ಸಲ ನೂರು ಕಟ್ಟು ತಂದು ಸುರಿದವನೇ ಗೆದ್ದ.

ನೀರುಗಂಟಿ ಅಳೀತಿದ್ದದ್ದು ಹೊತ್ತನ್ನ. "ಪ್ರತಿಯೊಬ್ಬರೂ ಒಂದೊಂದು ಸಲ ಮಡೆ ತೆಗೀರಿ, ತೆಗೆದ ಮೇಲೆ ಎಷ್ಟು ಹೊತ್ತು ಬೇಕಾದ್ರೂ ಬಿಟ್ಕೊಳ್ಳಿ" ಅಂದಿದ್ರೆ ಅವನನ್ನ ಊರಲ್ಲಿ ಇಟ್ಕೋತಿದ್ರಾ?

4/10
"ಜಿಪಿಯುನ ಮಧ್ಯದಲ್ಲಿ ನಿಲ್ಲಿಸೋಕೆ ಆಗಲ್ಲ ಗುರು, ಹಾರ್ಡ್‌ವೇರೇ ಹಾಗೆ." ಇದು ನನಗೆ ಸಿಕ್ಕ ಮೊದಲ ಉತ್ತರ. ಅರ್ಧ ನಿಜ, ಹಾಗಾಗಿ ಜಾಸ್ತಿ ಅಪಾಯ.

ಸಿಪಿಯು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ರಿಜಿಸ್ಟರ್‌ಗಳಲ್ಲಿ ಇರೋದನ್ನ ಎತ್ತಿಡಬೇಕು. ಅದು ಹೆಚ್ಚಂದ್ರೆ ಕೆಲವು ಕಿಲೋಬೈಟ್. ಜಿಪಿಯುನಲ್ಲಿ ಸಾವಿರಾರು ಥ್ರೆಡ್‌ಗಳು ಒಟ್ಟಿಗೆ ಓಡ್ತಾ ಇರ್ತವೆ, ಎಲ್ಲದರ ರಿಜಿಸ್ಟರ್ ಎತ್ತಿಡಬೇಕು. ಉದಾಹರಣೆಗೆ ಆರ್‌ಟಿಎಕ್ಸ್ 3060 ತಗೊಳ್ಳಿ. ಅದರಲ್ಲಿ 28 ಎಸ್‌ಎಂ ಘಟಕಗಳಿವೆ. ಒಂದೊಂದರಲ್ಲೂ 256 ಕಿಲೋಬೈಟ್ ರಿಜಿಸ್ಟರ್. ಒಟ್ಟು 7 ಮೆಗಾಬೈಟ್. ಸಿಪಿಯುಗೆ ಹೋಲಿಸಿದ್ರೆ ಸಾವಿರಾರು ಪಟ್ಟು. ಸರಿ, ಭಾರೀ ಮೂಟೆನೇ.

ಆದ್ರೆ ಮೂಟೆ ಹೊರೋ ಗಾಡಿನೂ ನೋಡಿ. ಅದೇ ಕಾರ್ಡಿನ ಮೆಮೊರಿ ವೇಗ ಸೆಕೆಂಡಿಗೆ 360 ಗಿಗಾಬೈಟ್. ಆ ಲೆಕ್ಕದಲ್ಲಿ 7 ಮೆಗಾಬೈಟ್ ಎತ್ತಿಡೋಕೆ ಸುಮಾರು 20 ಮೈಕ್ರೋಸೆಕೆಂಡ್. ಇನ್ನೊಬ್ಬರದ್ದನ್ನ ವಾಪಸ್ ತರೋಕೆ ಇನ್ನೊಂದು 20. ಬೇರೆ ಖರ್ಚೆಲ್ಲ ಸೇರಿ ಅದರ ಐದು ಪಟ್ಟಾಗುತ್ತೆ ಅಂತಲೇ ಇಟ್ಕೊಳ್ಳಿ, 200 ಮೈಕ್ರೋಸೆಕೆಂಡ್. 60 ಹರ್ಟ್ಜ್ ಮಾನಿಟರ್‌ನಲ್ಲಿ ಒಂದು ಫ್ರೇಮ್‌ಗೆ ಇರೋ ಸಮಯ 16.67 ಮಿಲಿಸೆಕೆಂಡ್. ಅದರ ನೂರನೇ ಒಂದು ಪಾಲು ಚಿಲ್ಲರೆ, ಅಷ್ಟೇ. ಇದು ನನ್ನ ಅಂದಾಜು ಲೆಕ್ಕ, ಆದ್ರೆ ಅಂದಾಜಿಗೂ "ಆಗಲ್ಲ" ಅನ್ನೋದಕ್ಕೂ ನಡುವೆ ಎಷ್ಟು ಅಂತರ ಇದೆ ನೋಡಿ.

ಇನ್ನೊಂದು ವಿಷಯ. ಎನ್‌ವಿಡಿಯಾದ 2016ರ ಪ್ಯಾಸ್ಕಲ್ ಪೀಳಿಗೆಯಲ್ಲೇ ಕಂಪ್ಯೂಟ್ ಕೆಲಸವನ್ನ ಒಂದು ಇನ್‌ಸ್ಟ್ರಕ್ಷನ್ ಮಟ್ಟದಲ್ಲಿ ತಡೆದು ನಿಲ್ಲಿಸೋ ಶಕ್ತಿ ಬಂತು. ಅಂದ್ರೆ ತೂಬು ಮುಚ್ಚೋ ಹಲಗೆ ಇದೆ. ಯಾವಾಗ ಮುಚ್ಚಬೇಕು, ಯಾರಿಗೆ ತೆಗೀಬೇಕು ಅನ್ನೋ ನಿಯಮ ಮಾತ್ರ ಫರ್ಮ್‌ವೇರ್ ಒಳಗೆ ಬೀಗ ಹಾಕ್ಕೊಂಡು ಕೂತಿದೆ. ದುಡ್ಡು ಕೊಟ್ಟ ನಮ್ಮ ಕೈಗೆ ಅದರ ಬೀಗದ ಕೈ ಇಲ್ಲ.

5/10
ಸಮಯದ ಜಗಳ ಒಂದು ಕಡೆ. ಅವತ್ತು ನನ್ನ ಗೆಳೆಯನ ಗುಡಿಯನ್ನ ಕಪ್ಪು ಮಾಡಿದ್ದು ಮಾತ್ರ ಮೆಮೊರಿ.

ಸಮಯ ಹೇಗಂದ್ರೆ, ಈ ಕ್ಷಣ ಸಿಗದಿದ್ರೆ ಮುಂದಿನ ಕ್ಷಣ ಸಿಗಬಹುದು. ಮೆಮೊರಿ ಹಾಗಲ್ಲ, ಒಬ್ಬರು ಹಿಡ್ಕೊಂಡ್ರೆ ಬಿಡೋವರೆಗೂ ಅವರದ್ದೇ. ಬಸ್ ಸೀಟಿಗೆ ಕರ್ಚೀಫ್ ಹಾಕೋ ಹಾಗೆ. ಕೂತಿರೋದು ಒಬ್ಬರು, ಕರ್ಚೀಫ್ ಹಾಕಿರೋದು ಎಂಟು ಸೀಟಿಗೆ.

ಉತ್ಪ್ರೇಕ್ಷೆ ಅಲ್ಲ. ನಾವು ಪ್ರಾಜೆಕ್ಟ್‌ಗಳಿಗೆ ಬಳಸೋ ಟೆನ್ಸರ್‌ಫ್ಲೋ, ನೀವೇನೂ ಹೇಳದಿದ್ರೆ, ಶುರುವಾದ ತಕ್ಷಣ ಜಿಪಿಯು ಮೆಮೊರಿಯನ್ನ ಹೆಚ್ಚುಕಡಿಮೆ ಪೂರ್ತಿ ತನ್ನ ಹೆಸರಿಗೆ ಬರೆಸಿಕೊಳ್ಳುತ್ತೆ. ಜ್ಯಾಕ್ಸ್ 75% ಮುಂಚೆಯೇ ಹಿಡಿದಿಡುತ್ತೆ. 12 ಗಿಗಾಬೈಟ್ ಕಾರ್ಡಿನಲ್ಲಿ 9 ಗಿಗಾಬೈಟ್ ಹೋಯ್ತು, ನಿಮ್ಮ ಮಾಡೆಲ್‌ಗೆ ನಿಜವಾಗಿ ಬೇಕಾಗಿರೋದು 2 ಆಗಿದ್ರೂ. ಇದರಲ್ಲಿ ಗುಟ್ಟೇನಿಲ್ಲ, ಅವರ ಕೈಪಿಡಿಗಳಲ್ಲೇ ಬರೆದಿದ್ದಾರೆ. ಪದೇ ಪದೇ ಕೇಳೋ ಖರ್ಚು ಉಳಿಯುತ್ತೆ, ಮೆಮೊರಿ ಚೂರುಚೂರಾಗಲ್ಲ ಅನ್ನೋ ಕಾರಣಾನೂ ಸರಿಯೇ. ಇಡೀ ಮಶೀನ್ ಒಂದೇ ಕೆಲಸಕ್ಕೆ ಮೀಸಲಾಗಿರೋ ಸರ್ವರ್‌ನಲ್ಲಿ ಅದೇ ಬುದ್ಧಿವಂತಿಕೆ. ಡೆಸ್ಕ್‌ಟಾಪ್‌ನಲ್ಲಿ ಅದು ಒತ್ತುವರಿ.

ಉಳಿದವರಿಗೆ ಏನಾಗುತ್ತೆ? ಎರಡು ದಾರಿ. ಡ್ರೈವರ್ ಯಾರದ್ದೋ ಸಾಮಾನನ್ನ ಎತ್ತಿ ಮಾಮೂಲಿ ರ‍್ಯಾಮ್‌ಗೆ ಹಾಕುತ್ತೆ. ಆಗ ಅದನ್ನ ತರೋಕೆ ಪಿಸಿಐಇ ದಾರಿಯಲ್ಲಿ ಹೋಗಿಬರಬೇಕು, ನಾಲ್ಕನೇ ಪೀಳಿಗೆಯ 16 ಲೇನ್ ಇದ್ರೂ ಸೆಕೆಂಡಿಗೆ ಸುಮಾರು 32 ಗಿಗಾಬೈಟ್. ಕಾರ್ಡಿನೊಳಗೆ 360, ಹೊರಗೆ 32. ಹತ್ತು ಪಟ್ಟಿಗೂ ಜಾಸ್ತಿ ನಿಧಾನ. ಇಲ್ಲಾಂದ್ರೆ "ಜಾಗ ಇಲ್ಲ" ಅಂತ ನೇರವಾಗಿ ಹೇಳಿಬಿಡುತ್ತೆ. ಆಗ ಬ್ರೌಸರ್ ವೆಬ್‌ಜಿಎಲ್ ಕೈಬಿಟ್ಟು ಕಪ್ಪು ಚೌಕ ತೋರಿಸುತ್ತೆ. ಆ ಚೌಕದ ಒಳಗೆ ಒಂದು ಗುಡಿ ಇತ್ತು.

6/10
"ಹೊಸ ಟೆಕ್ನಾಲಜಿ ಅಲ್ವಾ, ಟೈಮ್ ಬೇಕು" ಅನ್ನೋರಿಗೆ ಸ್ವಲ್ಪ ಇಸವಿಗಳು.

2007 ಜನವರಿ: ವಿಂಡೋಸ್ ವಿಸ್ತಾ ಮಾರುಕಟ್ಟೆಗೆ ಬಂತು. ಅದರ ಹೊಸ ಡ್ರೈವರ್ ಮಾದರಿಯಲ್ಲಿ ಜಿಪಿಯು ಶೆಡ್ಯೂಲಿಂಗ್ ಮತ್ತು ವಿಡಿಯೊ ಮೆಮೊರಿ ನಿರ್ವಹಣೆ ಆಪರೇಟಿಂಗ್ ಸಿಸ್ಟಮ್ ಕೈಗೆ ಬಂತು. ವಿಸ್ತಾನ ಎಲ್ಲರೂ ಆಡ್ಕೊಂಡು ನಕ್ಕರು, ಆದ್ರೆ ಈ ವಿಷಯದಲ್ಲಿ ಅದು ಸರಿಯಾದ ದಾರಿ ಹಿಡಿದಿತ್ತು. ಅದರ ಜೊತೆಗೇ ಬಂದದ್ದು ಒಂದು ಒರಟು ನಿಯಮ: ಒಂದು ಕೆಲಸ 2 ಸೆಕೆಂಡ್ ಆದ್ರೂ ಜಿಪಿಯು ಬಿಡದಿದ್ರೆ, ಜಿಪಿಯುವನ್ನೇ ರೀಸೆಟ್ ಮಾಡು. ಅಂದ್ರೆ ಒಬ್ಬ ಮಡೆ ಬಿಡದಿದ್ರೆ ಕೆರೆನೇ ಬರಿದು ಮಾಡಿ ಮತ್ತೆ ತುಂಬಿಸೋದು. ಆ 2 ಸೆಕೆಂಡ್ ಇವತ್ತಿಗೂ ಡೀಫಾಲ್ಟ್.

2007 ಅಕ್ಟೋಬರ್: ಲಿನಕ್ಸ್ 2.6.23ರಲ್ಲಿ ಸಿಎಫ್‌ಎಸ್ ಬಂತು, ಇಂಗೋ ಮೋಲ್ನಾರ್ ಬರೆದದ್ದು. ಹೆಸರಲ್ಲೇ "ಪೂರ್ತಿ ನ್ಯಾಯದ ಶೆಡ್ಯೂಲರ್". ಸಿಪಿಯುಗೆ ಮಾತ್ರ.

2008: ಲಿನಕ್ಸ್‌ನಲ್ಲಿ ಸಿಗ್ರೂಪ್ ಬಂತು. ಯಾವ ಗುಂಪಿನ ಪ್ರೋಗ್ರಾಮ್‌ಗಳಿಗೆ ಎಷ್ಟು ಸಿಪಿಯು, ಎಷ್ಟು ರ‍್ಯಾಮ್ ಅಂತ ಪಾಲು ಕಟ್ಟೋ ವ್ಯವಸ್ಥೆ.

2011: ಟೈಮ್‌ಗ್ರಾಫ್ ಮತ್ತು ಪಿಟಾಸ್ಕ್ ಅನ್ನೋ ಎರಡು ಸಂಶೋಧನೆಗಳು, ಜಿಪಿಯು ಹಂಚಿಕೆಯನ್ನ ಆಪರೇಟಿಂಗ್ ಸಿಸ್ಟಮ್ ಗಂಭೀರವಾಗಿ ತಗೋಬೇಕು ಅಂತ ಮಾಡಿ ತೋರಿಸಿದ್ವು. ಆಗ ನಾವು ಪ್ರೈಮರಿ ಸ್ಕೂಲು.

2020 ಮೇ: ವಿಂಡೋಸ್ 10ರಲ್ಲಿ ಶೆಡ್ಯೂಲಿಂಗ್‌ನ ದಿನಗೂಲಿ ಕೆಲಸವನ್ನ ಜಿಪಿಯು ಒಳಗಿನ ಪ್ರೊಸೆಸರ್‌ಗೇ ವಹಿಸೋ ಆಯ್ಕೆ ಬಂತು.

2025 ಮಾರ್ಚ್: ಲಿನಕ್ಸ್ 6.14ರಲ್ಲಿ ಡಿಮೆಮ್ ಅನ್ನೋ ಸಿಗ್ರೂಪ್ ನಿಯಂತ್ರಕ ಬಂತು. ವಿಡಿಯೊ ಮೆಮೊರಿಯಲ್ಲಿ ಇವರಿಗೆ ಇಷ್ಟೇ ಮಿತಿ, ಇವರಿಗೆ ಇಷ್ಟು ರಕ್ಷಣೆ ಅಂತ ಹೇಳೋ ಸೌಲಭ್ಯ. ಅದೂ ಡ್ರೈವರ್ ಬೆಂಬಲಿಸಿದ್ರೆ ಮಾತ್ರ. ಅದೇ ವರ್ಷ ಡಿಆರ್‌ಎಂ ಶೆಡ್ಯೂಲರ್‌ಗೆ ಸಿಎಫ್‌ಎಸ್ ಮಾದರಿಯ, ಸಮಯ ಅಳೆದು ಹಂಚೋ ಪದ್ಧತಿಯ ಪ್ಯಾಚ್‌ಗಳು ಚರ್ಚೆಗೆ ಬಂದ್ವು.

ರ‍್ಯಾಮ್‌ಗೆ 2008, ವಿಡಿಯೊ ಮೆಮೊರಿಗೆ 2025. ಹದಿನೇಳು ವರ್ಷ. ಆವತ್ತು ಹುಟ್ಟಿದ ಮಗು ಅಷ್ಟರಲ್ಲಿ ಪಿಯುಸಿಗೆ ಬಂದಿರುತ್ತೆ. ಇದನ್ನ "ಟೈಮ್ ಬೇಕು" ಅಂತ ಕರೀಬೇಡಿ. ಯಾರಿಗೂ ಇದು ತುರ್ತು ಅನ್ನಿಸಿರಲಿಲ್ಲ, ಅಷ್ಟೇ.

7/10
ಈಗ ಆ ಮಹಾ ಸಲಹೆಗೆ ಬರೋಣ: "ದೊಡ್ಡ ಕಾರ್ಡ್ ತಗೋ."

ಅಂಗಡಿಯವರು ಹೇಳಿದ್ರೆ ಅರ್ಥ ಆಗುತ್ತೆ, ಅವರ ಹೊಟ್ಟೆಪಾಡು. ಸೀನಿಯರ್‌ಗಳು ಹೇಳ್ತಾರೆ. ರೀಲ್ಸ್ ಮಾಡೋರು ಹೇಳ್ತಾರೆ. ಅವತ್ತು ಡೆಮೊ ನೋಡೋಕೆ ಕೂತಿದ್ದವರೂ ಅದನ್ನೇ ಹೇಳಿದ್ದು, ಮಾತು ಸ್ವಲ್ಪ ಬೇರೆ.

ಈ ಸಲಹೆ ಮೂರು ಕಾರಣಕ್ಕೆ ತಪ್ಪು.

ಒಂದು, ಇದು ಕೆಲಸವೇ ಮಾಡಲ್ಲ. ಇರೋ ಮೆಮೊರಿಯ 75% ಹಿಡಿಯೋ ಪ್ರೋಗ್ರಾಮ್‌ಗೆ 24 ಗಿಗಾಬೈಟ್ ಕೊಟ್ರೆ ಅದು 18 ಹಿಡಿಯುತ್ತೆ. ಫ್ರೇಮ್ ಮಿತಿ ಇಲ್ಲದ ಗೇಮ್‌ಗೆ ಎರಡು ಪಟ್ಟು ವೇಗದ ಕಾರ್ಡ್ ಕೊಟ್ರೆ, ಬರೀ ಮೆನು ತೋರಿಸುವಾಗಲೂ ಸೆಕೆಂಡಿಗೆ ಇನ್ನಷ್ಟು ನೂರು ಫ್ರೇಮ್ ಬರೀತಾ ಕೂರುತ್ತೆ. ಹಂಚೋರಿಲ್ಲದ ಕೆರೆಗೆ ಎಷ್ಟು ನೀರು ತುಂಬಿಸಿದ್ರೂ ತೂಬಿನ ಪಕ್ಕದವನದ್ದೇ ರಾಜ್ಯ.

ಎರಡು, ಹಂಚಿಕೆ ಸಾಧ್ಯ ಅಂತ ಮಾರೋರಿಗೇ ಗೊತ್ತು. 2020ರಲ್ಲಿ ಬಂದ ಎನ್‌ವಿಡಿಯಾ ಎ100 ಕಾರ್ಡನ್ನ ಏಳು ಭಾಗ ಮಾಡಬಹುದು. ಒಂದೊಂದು ಭಾಗಕ್ಕೂ ಅದರದ್ದೇ ಮೆಮೊರಿ, ಅದರದ್ದೇ ಲೆಕ್ಕದ ಘಟಕಗಳು. ಪಕ್ಕದವನು ಕುಣಿದ್ರೂ ಇವನಿಗೆ ಗೊತ್ತಾಗಲ್ಲ. ಡೇಟಾ ಸೆಂಟರ್‌ಗೆ ಇದು ಮಾರಾಟದ ಹೆಗ್ಗಳಿಕೆ. ನಾವು ಕೊಳ್ಳೋ ಜಿಫೋರ್ಸ್ ಕಾರ್ಡುಗಳಲ್ಲಿ ಆ ಸೌಲಭ್ಯ ಇಲ್ಲ. ಡೆಸ್ಕ್‌ಟಾಪ್‌ಗೆ ಅದೇ ರೀತಿ ಗೋಡೆ ಕಟ್ಟೋದು ಬೇಕಿಲ್ಲ ಅನ್ನೋದನ್ನ ನಾನೂ ಒಪ್ತೀನಿ. ನಮಗೆ ಬೇಕಿರೋದು ಗೋಡೆ ಅಲ್ಲ, ಸರದಿ. ಆದ್ರೆ ನ್ಯಾಯವಾದ ಹಂಚಿಕೆ ದುಬಾರಿ ಗಿರಾಕಿಗೆ ಸೌಲಭ್ಯ, ನಮ್ಮಂಥವರಿಗೆ "ಆಗಲ್ಲ" ಅಂದ್ರೆ ಕೇಳೋಕೆ ಕಷ್ಟ.

ಮೂರು, ಇದು ಸಿಸ್ಟಮ್‌ನ ತಪ್ಪನ್ನ ವಿದ್ಯಾರ್ಥಿಯ ಜೇಬಿನ ಮೇಲೆ ಹಾಕುತ್ತೆ. ಮಿಕ್ಸಿ ಹಾಕಿದಾಗ ಟಿವಿ ಆಫ್ ಆದ್ರೆ ವೈರಿಂಗ್ ನೋಡಿಸ್ತೀವಿ. "ನಿಂಗೆ ದೊಡ್ಡ ಟಿವಿ ತಗೊಳೋ ಯೋಗ್ಯತೆ ಇಲ್ಲ" ಅಂತ ಯಾರೂ ಹೇಳಲ್ಲ.

8/10
ಗೇಮರ್‌ಗಳ ಕಾಮೆಂಟ್ ಈಗಲೇ ಕಾಣ್ತಿದೆ. "ನಾನು ಆಡುವಾಗ ನನ್ನ ಗೇಮ್‌ಗೆ 100% ಬೇಕು. ನಿನ್ನ ಸಮಾನತೆ ಬ್ರೌಸರ್ ಟ್ಯಾಬ್‌ಗೆ ಇಟ್ಕೋ."

ನ್ಯಾಯವಾದ ಮಾತು. ಉತ್ತರಾನೂ ಇದೆ.

ಮೊದಲನೆಯದು, ನ್ಯಾಯದ ಹಂಚಿಕೆ ಅಂದ್ರೆ ಯಾರೂ ಕೇಳದ ಪಾಲನ್ನ ಖಾಲಿ ಇಡೋದಲ್ಲ. ಕಾಲುವೆ ಕೊನೆಯವನಿಗೆ ಇವತ್ತು ನೀರು ಬೇಡ ಅಂದ್ರೆ ಅದು ಮೇಲಿನವನಿಗೇ ಹರೀಲಿ. ಸಿಪಿಯು ಶೆಡ್ಯೂಲರ್ ಇದನ್ನೇ ಮಾಡೋದು. ಒಂದೇ ಪ್ರೋಗ್ರಾಮ್ ಓಡ್ತಿದ್ರೆ ಎಲ್ಲ ಅದಕ್ಕೇ. ಜಗಳ ಬಂದಾಗ ಮಾತ್ರ ನಿಯಮ ಎದ್ದು ನಿಲ್ಲುತ್ತೆ. ಗೇಮ್ ಒಂದೇ ಇದ್ರೆ ನಿಮಗೆ ಒಂದು ಫ್ರೇಮೂ ಕಡಿಮೆ ಆಗಬೇಕಿಲ್ಲ.

ಎರಡನೆಯದು, ನ್ಯಾಯ ಅಂದ್ರೆ ಕಣ್ಣುಮುಚ್ಚಿ ಸಮಪಾಲು ಅಲ್ಲ. ಎರಡು ಎಕರೆಯವನಿಗೂ ಅರ್ಧ ಎಕರೆಯವನಿಗೂ ಒಂದೇ ಹೊತ್ತು ನೀರು ಬಿಟ್ರೆ ಅದೂ ಅನ್ಯಾಯವೇ. ತೂಕ ಬೇರೆ ಬೇರೆ ಇರಲಿ: ಗೇಮ್‌ಗೆ 10, ಹಿಂದೆ ಓಡೋ ರೆಂಡರ್‌ಗೆ 1. ನನ್ನ ತಕರಾರು ಇಷ್ಟೇ. ಆ ತೂಕವನ್ನ ಮಶೀನ್ ಮುಂದೆ ಕೂತ ಮನುಷ್ಯ ನಿರ್ಧರಿಸಬೇಕು. ಈಗ ನಿರ್ಧರಿಸ್ತಿರೋದು ಯಾರು? ದೊಡ್ಡ ಕಟ್ಟು ಕಟ್ಟಿದವನು, ಮೊದಲು ಕರ್ಚೀಫ್ ಹಾಕಿದವನು.

ಇನ್ನೊಂದು ಆಕ್ಷೇಪ ಓದಿರೋರಿಂದ ಬರುತ್ತೆ: "ಪದೇ ಪದೇ ಬದಲಾಯಿಸಿದ್ರೆ ಒಟ್ಟು ಕೆಲಸ ಕಡಿಮೆ ಆಗುತ್ತೆ." ಹೌದು, ಆಗುತ್ತೆ. ಸಿಪಿಯುನಲ್ಲೂ ಆಗುತ್ತೆ, ಆ ಸಣ್ಣ ತೆರಿಗೆಯನ್ನ ಎಷ್ಟೋ ದಶಕದಿಂದ ಖುಷಿಯಿಂದ ಕಟ್ತಾ ಬಂದಿದ್ದೀವಿ. ಯಾಕಂದ್ರೆ ಮೌಸ್ ಅಲ್ಲಾಡಿಸಿದ್ರೆ ಕರ್ಸರ್ ಅಲ್ಲಾಡಬೇಕು ಅನ್ನೋದು ನಮಗೆ ಮುಖ್ಯ. ನನ್ನ ಟ್ರೈನಿಂಗ್ ಮೂರು ಗಂಟೆ ಬದಲು ಮೂರೂವರೆ ಗಂಟೆ ತಗೊಂಡಿದ್ರೆ ನನಗೆ ಗೊತ್ತೂ ಆಗ್ತಿರಲಿಲ್ಲ. ಹತ್ತು ನಿಮಿಷದ ಡೆಮೊ ಕಪ್ಪಾಗಿದ್ದು ಮಾತ್ರ ಸೆಮಿಸ್ಟರ್ ಪೂರ್ತಿ ಉಳೀತು.

9/10
ಹಾಗಾದ್ರೆ ನಾವೇನು ಮಾಡೋದು? ಇವತ್ತೇ ಮಾಡಬಹುದಾದ್ದು ಸುಮಾರಿದೆ, ಸೇವ್ ಮಾಡಿಟ್ಕೊಳ್ಳಿ.

ಮೊದಲು ನೋಡಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ 2017ರಿಂದ ಜಿಪಿಯು ಕಾಲಂ ಇದೆ. ಲಿನಕ್ಸ್‌ನಲ್ಲಿ ಎನ್‌ವಿಟಾಪ್ ಹಾಕ್ಕೊಳ್ಳಿ. ಯಾವ ಪ್ರೋಗ್ರಾಮ್ ಎಷ್ಟು ಮೆಮೊರಿ ಹಿಡಿದಿದೆ ಅಂತ ಕಣ್ಣಿಗೆ ಕಂಡ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ನಿಮ್ಮ ಸಿಪಿಯು ಒಳಗೇ ಒಂದು ಪುಟ್ಟ ಜಿಪಿಯು ಇದ್ರೆ, ಮಾನಿಟರ್ ಕೇಬಲನ್ನ ಮದರ್‌ಬೋರ್ಡ್‌ಗೆ ಹಾಕಿ. ಸ್ಕ್ರೀನು, ಬ್ರೌಸರ್ ಅದರ ಮೇಲೆ ಓಡ್ಲಿ. ದೊಡ್ಡ ಕಾರ್ಡ್ ಟ್ರೈನಿಂಗ್, ರೆಂಡರ್‌ಗೆ ಇರ್ಲಿ.

ಗೇಮ್‌ನಲ್ಲಿ ಫ್ರೇಮ್ ಮಿತಿ ಹಾಕಿ. 60 ಹರ್ಟ್ಜ್ ಮಾನಿಟರ್‌ಗೆ 300 ಫ್ರೇಮ್ ಬರೆದು ಬಹುಪಾಲು ಎಸೆಯೋದರಲ್ಲಿ ಏನು ಪುರುಷಾರ್ಥ?

ಕೋಡ್ ಬರೆಯೋರಿಗೆ: ಟೆನ್ಸರ್‌ಫ್ಲೋದಲ್ಲಿ ಬೇಕಾದಷ್ಟೇ ಮೆಮೊರಿ ಬೆಳೆಸೋ ಸೆಟ್ಟಿಂಗ್ ಇದೆ, ಪೈಟಾರ್ಚ್‌ನಲ್ಲಿ ಒಂದು ಪ್ರೋಸೆಸ್‌ಗೆ ಇಂತಿಷ್ಟೇ ಪಾಲು ಅಂತ ಮಿತಿ ಹಾಕಬಹುದು. ಎರಡು ಸಾಲಿನ ಕೆಲಸ. ಒಂದೇ ಉದ್ದನೆ ಕೆಲಸ ಕೊಡೋ ಬದಲು ತುಂಡು ಮಾಡಿ ಕೊಡಿ.

ಆದ್ರೆ ಇಲ್ಲಿಗೆ ನಿಲ್ಲಿಸಿದ್ರೆ ನಾನು ಮೋಸ ಮಾಡಿದ ಹಾಗೆ. ಇದೆಲ್ಲ ನಮ್ಮ ಒಳ್ಳೆತನ. ಒಳ್ಳೆತನದ ಮೇಲೆ ನಿಂತ ಹಂಚಿಕೆ ಒಬ್ಬ ಸ್ವಾರ್ಥಿ ಬಂದ ದಿನ ಬೀಳುತ್ತೆ. ಮೂರನೇ ಪೋಸ್ಟಿನ ಲೆಕ್ಕ ನೆನಪಿದೆಯಲ್ಲ? ಈಗಿನ ವ್ಯವಸ್ಥೆಯಲ್ಲಿ ತುಂಡು ಮಾಡಿ ಕೊಟ್ಟವನಿಗೇ ನಷ್ಟ.

ಹಾಗಾಗಿ ಕೇಳಬೇಕಾದ್ದು ಮೂರು. ಪ್ರತಿ ಪ್ರೋಗ್ರಾಮ್ ಬಳಸಿದ ಜಿಪಿಯು ಸಮಯ, ಮೆಮೊರಿ ಎರಡನ್ನೂ ಆಪರೇಟಿಂಗ್ ಸಿಸ್ಟಮ್ ಅಳೆದು ತೋರಿಸಬೇಕು. ಸಿಪಿಯುಗೆ ನೈಸ್ ಇದ್ದ ಹಾಗೆ ಜಿಪಿಯುಗೂ ಬಳಕೆದಾರ ಬದಲಾಯಿಸಬಹುದಾದ ತೂಕ ಬೇಕು. ಸ್ಕ್ರೀನ್ ತೋರಿಸೋ ಕೆಲಸಕ್ಕೆ, ಎದುರಿಗಿರೋ ಕಿಟಕಿಗೆ, ಯಾರೂ ಕಿತ್ಕೊಳ್ಳೋಕಾಗದ ಒಂದಿಷ್ಟು ಮೆಮೊರಿ ಮೀಸಲಿರಬೇಕು. ಇವು ಡೀಫಾಲ್ಟ್ ಆಗಿ ಬರಬೇಕು. ಹತ್ತು ಫೋರಂ ಹುಡುಕಿ ಹಾಕ್ಕೊಳ್ಳೋ ಹಾಗಿರಬಾರದು.

10/10
ಕೊನೇ ಪೋಸ್ಟ್.

"ನಾವು ವಿದ್ಯಾರ್ಥಿಗಳು, ನಮ್ಮ ಮಾತು ಯಾರು ಕೇಳ್ತಾರೆ" ಅನ್ನಬೇಡಿ. ಲಿನಕ್ಸ್‌ನ ಕರ್ನೆಲ್ ಕೋಡ್ ತೆರೆದ ಪುಸ್ತಕ. ಯಾರು ಬೇಕಾದ್ರೂ ಓದಬಹುದು, ಪ್ಯಾಚ್ ಕಳಿಸಬಹುದು, ಪರೀಕ್ಷೆ ಮಾಡಿ ಫಲಿತಾಂಶ ಹೇಳಬಹುದು. ಫೈನಲ್ ಇಯರ್‌ಗೆ ಮತ್ತೆ ಅದೇ ಅಟೆಂಡೆನ್ಸ್ ಸಿಸ್ಟಮ್, ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಮಾಡೋ ಬದಲು ಒಂದು ಟೀಮ್ ಆದ್ರೂ ಇದನ್ನ ತಗೊಳ್ಳಿ: ಎರಡು ಪ್ರೋಗ್ರಾಮ್ ಒಟ್ಟಿಗೆ ಓಡಿಸಿ, ಯಾರಿಗೆ ಎಷ್ಟು ಜಿಪಿಯು ಸಮಯ ಸಿಕ್ತು ಅಂತ ಅಳೀರಿ. ಬೇರೆ ಬೇರೆ ಕಾರ್ಡು, ಬೇರೆ ಬೇರೆ ಡ್ರೈವರ್. ಆ ಒಂದು ಕೋಷ್ಟಕ ನೂರು ರೀಲ್ಸ್‌ಗಿಂತ ಉಪಯೋಗಕ್ಕೆ ಬರುತ್ತೆ. ಡ್ರೈವರ್ ಬರೆಯೋರಿಗೂ ಅದೇ ಬೇಕು.

ಮುಂದಿನ ಸಲ ಯಾರದ್ದಾದ್ರೂ ಸ್ಕ್ರೀನ್ ನಿಂತಾಗ "ಒಳ್ಳೆ ಸಿಸ್ಟಮ್ ತಗೋ" ಅನ್ನೋಕೆ ಮುಂಚೆ ಒಂದು ಕ್ಷಣ ತಡೀರಿ. ಅವನ ಕಾರ್ಡಿನಲ್ಲಿ ಬೇಕಾದಷ್ಟು ಶಕ್ತಿ ಇರಬಹುದು, ಅದು ಅವನ ಪಾಲಿಗೆ ಬಂದಿಲ್ಲದಿರಬಹುದು.

ನಾನೂ ರೂಮ್‌ಮೇಟೂ ಈಗ ಮಾತಾಡ್ತೀವಿ. ಅವನ ಮಾರ್ಕ್ಸ್ ವಾಪಸ್ ಬರಲಿಲ್ಲ. ಆ ಗುಡಿ ಮಾಡೆಲ್ ಈಗ ಅವನ ಪ್ರೊಫೈಲ್‌ನಲ್ಲಿದೆ, ಹೋಗಿ ತಿರುಗಿಸಿ ನೋಡಿ, ನಿಜವಾಗ್ಲೂ ಚೆನ್ನಾಗಿದೆ. ನಮ್ಮ ಮಾನಿಟರ್ ಮೂಲೆಯಲ್ಲಿ ಒಂದು ಹಳದಿ ಚೀಟಿ ಅಂಟಿಸಿದ್ದೀವಿ: ರಾತ್ರಿ 11ರಿಂದ ಬೆಳಗ್ಗೆ 7 ನಂದು, ಉಳಿದದ್ದು ಅವನದ್ದು, ಡೆಮೊ ದಿನ ಪೂರ್ತಿ ಡೆಮೊ ಇರೋನದ್ದು.

ಕೋಟಿಗಟ್ಟಲೆ ಸಾಲು ಕೋಡ್ ಇರೋ ಆಪರೇಟಿಂಗ್ ಸಿಸ್ಟಮ್ ಮಾಡಬೇಕಾದ ಕೆಲಸವನ್ನ ಸದ್ಯಕ್ಕೆ ಒಂದು ರೂಪಾಯಿ ಚೀಟಿ ಮಾಡ್ತಿದೆ. ಅದನ್ನ ಕಿತ್ತುಹಾಕೋ ದಿನಕ್ಕೆ ಕಾಯ್ತಿದ್ದೀನಿ.

ನಿಮ್ಮ ರೂಮಿನ ಚೀಟಿ ಹೇಗಿದೆ? ಕಾಮೆಂಟಲ್ಲಿ ಹೇಳಿ 👇

#ಜಿಪಿಯು #ನೀರುಗಂಟಿ #ಲಿನಕ್ಸ್ #ಕನ್ನಡದಲ್ಲಿಟೆಕ್ #ಹಾಸ್ಟೆಲ್‌ಜೀವನ #ಫೈನಲ್‌ಇಯರ್